ಜೋಡುಕಟ್ಟೆಗೆ ನಾನು ಹೇಳಿದ ಸುಳ್ಳು

ಯಲ್ಲಾಪುರ, ಶಿರಸಿ, ಸಿದ್ದಾಪುರ, ಈ ಮೂರೂ ಕಡೆ ನನ್ನ ಮುಖ ಗೊತ್ತಿರುವವರು ಕೆಲವೇ ಜನ. ದನಿ ಗೊತ್ತಿಲ್ಲದವರನ್ನು ಮಾತ್ರ ಹುಡುಕಬೇಕು. ಆಟೊದ ಮೇಲೆ ಕಟ್ಟಿದ ಮೈಕಿನಿಂದ "ಸಾರ್ವಜನಿಕರ ಗಮನಕ್ಕೆ" ಅಂತ ಬರುತ್ತದಲ್ಲ, ಆ ಜೊಹರಾ ನಾನೇ. ನಾಳೆ ಕರೆಂಟ್ ಇರುವುದಿಲ್ಲ, ನಾಯಿಗಳಿಗೆ ಚುಚ್ಚುಮದ್ದು ಹಾಕಿಸಿ, ಸೀರೆಗಳ ಮೇಲೆ ಭಾರೀ ರಿಯಾಯಿತಿ, ಯಾರದೋ ಮನೆಯ ಅಜ್ಜ ಕಾಣೆಯಾಗಿದ್ದಾರೆ. ಹದಿನಾರು ವರ್ಷದಿಂದ ಇದನ್ನೆಲ್ಲ ಹೇಳುತ್ತಾ ಬಂದವಳು ನಾನು. ಯಲ್ಲಾಪುರದ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಮೊಬೈಲಿಗೆ ಓದುತ್ತೇನೆ. ನನ್ನ ಗಂಡ ಜಹಾಂಗೀರ್ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಊರೂರು ಆಟೊ ಓಡಿಸುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಯಿಗೆ ಬಂದದ್ದನ್ನೆಲ್ಲ ಮೈಕಿನಲ್ಲಿ ಒದರಬೇಕು ಅನ್ನುವವಳಲ್ಲ ನಾನು. ಎರಡು ವರ್ಷದ ಹಿಂದೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಗುಲ್ಲೆದ್ದಿತ್ತು. ಆಗ ಜೋಡುಕಟ್ಟೆ ಪಂಚಾಯತಿಯ ಅಧ್ಯಕ್ಷ ಉಲ್ಲಾಸ, ಅಪರಿಚಿತರು ಕಂಡರೆ ಹಿಡಿದು ಕಟ್ಟಿಹಾಕಿ ಅಂತ ಚೀಟಿ ಬರೆದುಕೊಂಡು ಬಂದಿದ್ದ. "ನಾಳೆ ಕಂಬಳಿ ಮಾರೋಕೆ ಬಂದವನ ಹೆಣ ಬೀಳ್ತದೆ. ನಾನು ಹೇಳೂದಿಲ್ಲ, ತಗೊಂಡು ಹೋಗ್ರಿ" ಅಂದು ಚೀಟಿಯನ್ನು ಅವನ ಕೈಗೇ ತುರುಕಿದ್ದೆ. ಅವನು ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಊದಿಸಿಕೊಳ್ಳಲಿ, ನನಗೇನು.

ಇಷ್ಟೆಲ್ಲ ಬುದ್ಧಿ ಇದ್ದವಳು ಈ ಸಲ ಹೇಗೆ ಮೋಸ ಹೋದೆ ಅಂತ ನೀವು ಕೇಳಬಹುದು. ನಾನೂ ದಿನಾ ಕೇಳಿಕೊಳ್ಳುತ್ತೇನೆ.

ಜೋಡುಕಟ್ಟೆ ಅಂದರೆ ಶಿರಸಿ ರಸ್ತೆಯಲ್ಲಿ ಸಿಗುವ ಇನ್ನೂರೈವತ್ತು ಮನೆಯ ಊರು. ಅಲ್ಲಿ ನಳದ ನೀರು ನಾರುತ್ತಿದೆ ಅಂತ ಜನ ಗೊಣಗುತ್ತಿದ್ದರು. ಉಲ್ಲಾಸ ಮತ್ತೆ ಚೀಟಿ ತಂದ. 'ಜೋಡುಕಟ್ಟೆಯ ಕುಡಿಯುವ ನೀರು ಸಂಪೂರ್ಣ ಶುದ್ಧವಾಗಿದೆ. ಸುಳ್ಳು ಸುದ್ದಿಗೆ ಕಿವಿಗೊಡಬೇಡಿ.' ನೀರಿನ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿದೆ. "ಕಳಿಸಿದ್ದೇವೆ ಮಾರಾಯ್ತಿ, ರಿಪೋರ್ಟ್ ನಾಳೆ ನಾಡಿದ್ದು ಬರ್ತದೆ. ಎಂತದ್ದೂ ಇಲ್ಲ ಅದರಲ್ಲಿ" ಅಂದ. ಸುಳ್ಳು ಸುದ್ದಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನಗೆ ಆ ಮಕ್ಕಳ ಕಳ್ಳರ ಗದ್ದಲ ನೆನಪಾಯಿತು. ಓದಿದೆ. ಚೆನ್ನಾಗಿಯೇ ಓದಿದೆ, ಹಾಳಾದವಳು. ಮೂರು ದಿನ ನಾನು ಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದೆ, ನನ್ನ ದನಿ ಜೋಡುಕಟ್ಟೆಯ ಕೇರಿಗಳಲ್ಲಿ ತಿರುಗುತ್ತಿತ್ತು.

ಅದಾಗಿ ಮೂರು ವಾರಕ್ಕೆ ದುರ್ಗಮ್ಮ ನಮ್ಮ ಬಾಗಿಲಿಗೆ ಬಂದಳು. ಜೋಡುಕಟ್ಟೆಯ ಬಸ್ ಸ್ಟಾಪಿನಲ್ಲಿ ಚಹಾ ಮಾಡುವವಳು. ಆಟೊ ನಿಲ್ಲಿಸಿದಾಗಲೆಲ್ಲ ಜಹಾಂಗೀರ್‌ಗೆ ಒಂದು ಲೋಟ ಹೆಚ್ಚಿಗೆ ಕೊಡುವ ಹೆಂಗಸು. ಒಳಗೆ ಬಾ ಅಂದರೆ ಬರಲಿಲ್ಲ. ಹೊಸಿಲಾಚೆಯೇ ನಿಂತು ಹೇಳಿದಳು.

"ನನ್ನ ಮಗಳು ಪ್ರತಿಭಾಗೆ ಕಾಮಾಲೆ ಆಗಿದೆ. ಶಿರಸಿ ಆಸ್ಪತ್ರೆಲಿ ಇದ್ದಾಳೆ. ಆರು ತಿಂಗಳ ಬಸುರಿ ಹೆಣ್ಣು, ಬಾಣಂತನಕ್ಕೆ ಅಂತ ತವರಿಗೆ ಕರ್ಕಂಡು ಬಂದವಳು ನಾನು. ಬಸುರಿಗೆ ಈ ಕಾಮಾಲೆ ಬಂದ್ರೆ ಜೀವಕ್ಕೇ ಅಪಾಯ ಅಂತಾರೆ ಡಾಕ್ಟ್ರು."

ನಾನು ಮಣೆ ತಂದು ಹೊಸಿಲಾಚೆ ಇಟ್ಟೆ, ಅವಳು ಕೂರಲಿಲ್ಲ.

"ನೀರು ಕುದಿಸ್ತಿದ್ದೆ ಜೊಹರಾ. ವಾಸನೆ ಬಂದಾಗಿಂದ ದಿನಾ ಕುದಿಸ್ತಿದ್ದೆ. ನೀನು ಶುದ್ಧ ಅಂದ್ಯಲ್ಲ, ಮಗಳೇ ಹೇಳಿದ್ಳು, ಸಾಕು ಬಿಡೆ ಅಮ್ಮ, ಜೊಹರಕ್ಕನೇ ಹೇಳಿದ್ದಾಳೆ ಅಂತ."

ಆಮೇಲೆ ಅವಳು ಮೊಬೈಲ್ ತೋರಿಸಿದಳು. ಊರಿನ ಆಶಾ ಕಾರ್ಯಕರ್ತೆ ಕಳಿಸಿದ ಫೋಟೊ ಅದು, ನೀರಿನ ಪರೀಕ್ಷೆಯ ವರದಿ. ಕುಡಿಯಲು ಯೋಗ್ಯವಲ್ಲ. ಅದರ ಮೇಲಿದ್ದ ಪಂಚಾಯತಿ ಸೀಲಿನ ತಾರೀಕು ನೋಡಿದೆ. ಅದು ಪಂಚಾಯತಿಯ ಕೈಸೇರಿ ಎಂಟು ದಿನವಾಗಿತ್ತು.

ದುರ್ಗಮ್ಮ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಶಿರಸಿ ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟಳು. ನಾನು ಒಲೆ ಆರಿಸಿ, ದುಪ್ಪಟ್ಟಾ ತಲೆಗೆ ಎಳೆದುಕೊಂಡು ಆಟೊದಲ್ಲಿ ಕೂತೆ.

ಪಂಚಾಯತಿಯಲ್ಲಿ ಉಲ್ಲಾಸ ಆಮಂತ್ರಣ ಪತ್ರಿಕೆಗಳನ್ನು ಎಣಿಸುತ್ತಿದ್ದ. ಸೋಮವಾರ ಹೊಸ ನೀರಿನ ಟಾಕಿಯ ಉದ್ಘಾಟನೆಯಂತೆ, ದೊಡ್ಡವರೆಲ್ಲ ಬರುತ್ತಾರಂತೆ. ನಾನು ಬರೆದುಕೊಂಡು ಹೋದ ಚೀಟಿಯನ್ನು ಮೇಜಿನ ಮೇಲಿಟ್ಟೆ. ನಳದ ನೀರನ್ನು ಕುದಿಸದೆ ಕುಡಿಯಬೇಡಿ, ಅಷ್ಟೇ ಇತ್ತು. ಮೈಕಿನಲ್ಲಿ ಏನು ಹೇಳುವುದಿದ್ದರೂ ಆ ಚೀಟಿಯ ಮೇಲೆ ಪೊಲೀಸ್ ಠಾಣೆಯ ಸೀಲು ಬೀಳಬೇಕು. ಊರಿನ ವಿಷಯವಾದರೆ ಪಂಚಾಯತಿಯ ಒಪ್ಪಿಗೆ ಇಲ್ಲದೆ ಠಾಣೆಯವರು ಸೀಲು ಹಾಕುವುದಿಲ್ಲ.

"ಸೋಮವಾರ ಕಳೀಲಿ" ಅಂದ ಉಲ್ಲಾಸ.

"ಸೋಮವಾರದ ತನಕ ಜನ ಇದೇ ನೀರು ಕುಡೀಬೇಕೇನ್ರಿ?"

"ಎಂತ ಜೊಹರಾಬಿ, ಇದನ್ನ ಮೈಕಲ್ಲಿ ಹೇಳಿದ್ರೆ ಊರೇ ಗಾಬರಿ ಆಗ್ತದೆ. ಪೇಪರಿನವರಿಗೂ ಸ್ವಲ್ಪ ತಡೀರಿ ಅಂದಿದ್ದೇನೆ, ಒಪ್ಪಿದ್ದಾರೆ. ಎಲ್ಲಾ ವಿಷಯ ಎಲ್ಲರಿಗೂ ಹೇಳೂದಲ್ಲ. ಇದು ನಿಂಗೇ ಗೊತ್ತುಂಟು. ಮಕ್ಕಳ ಕಳ್ಳರ ವಿಷಯ ಹೇಳಲ್ಲ ಅಂತ ಅವತ್ತು ನನ್ನ ಚೀಟಿ ವಾಪಸ್ ಕೊಟ್ಟವಳು ನೀನೇ ಅಲ್ವಾ? ಅವತ್ತು ನೀನು ತಡೆದದ್ದು ಸರಿ, ಇವತ್ತು ನಾನು ತಡೆದ್ರೆ ತಪ್ಪಾ?"

ಮಾತಿನಲ್ಲಿ ಅವನು ಬಲು ಚಾಲಾಕು. ಆದರೆ ಹೊಸಿಲಾಚೆ ನಿಂತಿದ್ದ ದುರ್ಗಮ್ಮನ ಮುಖ ಕಣ್ಣಿಗೆ ಕಟ್ಟಿತ್ತು.

"ಅವತ್ತು ನಾನು ತಡೆದದ್ದು ಸುಳ್ಳನ್ನ. ಯಾವನೋ ಪಾಪದವನ ಜೀವ ಉಳೀಲಿ ಅಂತ ತಡೆದೆ. ಇವತ್ತು ನೀವು ನಿಜ ತಡೀತಿದ್ದೀರಿ, ನಿಮ್ಮ ಸೋಮವಾರ ಉಳೀಲಿ ಅಂತ. ಎರಡೂ ಒಂದೇ ಅಂತ ದುರ್ಗಮ್ಮನ ಮಗಳ ಮಂಚದ ಹತ್ರ ನಿಂತು ಹೇಳ್ರಿ ನೋಡೋಣ."

ಅವನ ಮುಖ ಕೆಂಪಾಯಿತು. "ಸೀಲಿಲ್ಲದೆ ಮೈಕ್ ಹಚ್ಚಿದ್ರೆ ಆಟೊ ಸ್ಟೇಷನ್ನಿಗೆ ಹೋಗ್ತದೆ, ನೆನಪಿರ್ಲಿ" ಅಂದ.

ಹೊರಗೆ ಬಂದೆ. ಜಹಾಂಗೀರ್ ಆಟೊಗೆ ಒರಗಿಕೊಂಡು ನಿಂತಿದ್ದರು. ಅವರು ಹೆದರುವ ಜನ, ಹದಿನಾರು ವರ್ಷದಲ್ಲಿ ಒಮ್ಮೆಯೂ ಸೀಲಿಲ್ಲದೆ ಮೈಕ್ ಹಚ್ಚಿದವರಲ್ಲ. ನನ್ನ ಮುಖ ನೋಡಿಯೇ "ಬೇಡ ಕಣೆ, ಇರೋದು ಇದೊಂದೇ ಗಾಡಿ" ಅಂದರು.

"ಗಾಡಿ ಇಲ್ಲೇ ಇರ್ಲಿ" ಅಂದೆ. ಮೊದಲನೇ ಕೇರಿಯ ತುದಿಗೆ ನಡೆದು, ಉಸಿರು ತುಂಬಿಕೊಂಡು ಕೂಗಿದೆ.

"ಜೋಡುಕಟ್ಟೆಯ ಜನರ ಗಮನಕ್ಕೆ! ನಳದ ನೀರನ್ನು ಕುದಿಸದೆ ಕುಡಿಯಬೇಡಿ! ಶುದ್ಧ ಅಂತ ಮೊದಲು ಹೇಳಿದವಳು ನಾನೇ! ಅದು ಸುಳ್ಳು!"

ಅಬ್ಬಾ, ಮೈಕಿಲ್ಲದೆ ಎಷ್ಟು ಸಣ್ಣದಿತ್ತು ನನ್ನ ದನಿ! ಎರಡು ಮನೆ ದಾಟುವಷ್ಟರಲ್ಲಿ ಗಂಟಲು ಉರಿಯಿತು. ಆದರೂ ಬಾಗಿಲುಗಳು ತೆರೆದವು. ಹೆಂಗಸರು ಹೊರಗೆ ಬಂದು ನನ್ನನ್ನೇ ದಿಟ್ಟಿಸಿದರು. "ಅಯ್ಯೋ, ಮೈಕಿನವಳು ಇವಳೇಯಾ?" ಅಂದಳು ಒಬ್ಬಳು. ಇನ್ನೊಬ್ಬಳು ಕೈಯಲ್ಲಿದ್ದ ಬಿಂದಿಗೆಯನ್ನು ಅಲ್ಲೇ ಚರಂಡಿಗೆ ಸುರಿದಳು. ಒಬ್ಬ ಮುದುಕ ಕೋಲು ಎತ್ತಿ, ಅವತ್ತು ಶುದ್ಧ ಇವತ್ತು ವಿಷ, ನಾಚಿಕೆ ಆಗ್ತದಾ ನಿಂಗೆ ಅಂತ ಬೈದ. "ಆಗ್ತದೆ ಅಜ್ಜ" ಅಂದು ಮುಂದೆ ಹೋದೆ.

ಎರಡನೇ ಕೇರಿಯಲ್ಲಿ ಉಲ್ಲಾಸನ ಬೈಕು ನನಗೆ ಅಡ್ಡ ನಿಂತಿತು.

"ಪರ್ಮಿಷನ್ ಎಲ್ಲಿ?"

"ಪರ್ಮಿಷನ್ ಬೇಕಾದ್ದು ಮೈಕಿಗೆ. ಇದು ನನ್ನ ಗಂಟಲು. ಇದಕ್ಕೆ ಯಾವ ಸ್ಟೇಷನ್ನಿನ ಸೀಲು ಬೇಕು, ಹೇಳ್ರಿ, ಇಲ್ಲೇ ಹಾಕಿಸ್ಕೊಳ್ತೇನೆ!" ಅಂದು ಕುತ್ತಿಗೆ ಮುಂದೆ ಮಾಡಿದೆ. ಸುತ್ತಲಿದ್ದ ಹೆಂಗಸರು ಘೊಳ್ಳೆಂದು ನಕ್ಕರು. ಅವನು ಫೋನು ತೆಗೆದು ಯಾರಿಗೋ ಮಾತಾಡತೊಡಗಿದ. ಮಾತಾಡಲಿ. ನಾನು ಬೈಕಿನ ಪಕ್ಕದಿಂದಲೇ ದಾಟಿಹೋದೆ.

ಬಸ್ ಸ್ಟಾಪಿಗೆ ಬಂದೆ. ಮಗಳ ಬಟ್ಟೆ ತಗೊಳ್ಳಲು ಊರಿನಲ್ಲಿ ಇಳಿದಿದ್ದ ದುರ್ಗಮ್ಮ ಅಂಗಡಿಯ ಮುಂದೆ ಚೀಲ ಹಿಡಿದುಕೊಂಡು ಮುಂದಿನ ಶಿರಸಿ ಬಸ್ಸಿಗೆ ಕಾಯುತ್ತಿದ್ದಳು. ಇಡೀ ಊರಿನ ಎದುರು ಹೇಳಿದ್ದೆ, ಇವಳ ಎದುರು ಹೇಗೆ ಹೇಳಲಿ? ಆದರೂ ಹೇಳಿದೆ. ಅದು ಸುಳ್ಳು ಅನ್ನುವಾಗ ದನಿ ಪೂರಾ ಒಡೆದು ಅತ್ತುಬಿಟ್ಟೆ.

ದುರ್ಗಮ್ಮ ಚೀಲ ಕೆಳಗಿಟ್ಟು, ಮೊಬೈಲಿನಲ್ಲಿ ಮಗಳಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು.

"ನಿನ್ನ ನಂಬಿದವಳು ಅವಳು. ಅವಳಿಗೇ ಹೇಳು" ಅಂದಳು.

ಹೇಳಿದೆ. ನೀರು ಕೆಟ್ಟಿದೆ ಪ್ರತಿಭಾ, ಶುದ್ಧ ಅಂತ ನಾನು ಹೇಳಿದ್ದು ಸುಳ್ಳು, ನನ್ನಿಂದ ತಪ್ಪಾಯಿತು ಅಂದೆ. ಆ ಕಡೆಯಿಂದ ಬಳಲಿದ ಸಣ್ಣ ದನಿಯೊಂದು ಬಂತು.

"ಸ್ವಲ್ಪ ಜೋರಾಗಿ ಹೇಳಿ ಜೊಹರಕ್ಕ. ಈ ವಾರ್ಡಿನಲ್ಲಿ ನಮ್ಮೂರಿನವರೇ ಒಂಬತ್ತು ಜನ ಇದ್ದೇವೆ. ಎಲ್ಲರಿಗೂ ಕೇಳಬೇಕು."

ನಾನು ಕಣ್ಣೊರೆಸಿಕೊಂಡು ಜೋರಾಗಿ ಹೇಳಿದೆ.