ಭಾನುವಾರ ತೆಗೆಯದ ಮುಚ್ಚಳ

ಟೋರ್ಸ್ಟನ್ ಶವಪೆಟ್ಟಿಗೆಯವರೆಗೆ ಹೋದವನು ಕೈಯಲ್ಲಿದ್ದ ಹೂವನ್ನು ಇಡದೆ ಹಾಗೆಯೇ ವಾಪಸು ಬಂದು ಬೆಂಚಿನಲ್ಲಿ ಕೂತ. ಚರ್ಚಿನಲ್ಲಿ ಇದ್ದದ್ದೇ ನಾಲ್ಕಾರು ಜನ, ಎಲ್ಲರೂ ನೋಡಿದರು.

“ಇಟ್ಟು ಬಾರೋ,” ಅಕ್ಕನ ನೆರೆಯವಳಾದ ಎಬ್ಬಾ ಪಿಸುಗುಟ್ಟಿದಳು. “ಒಡಹುಟ್ಟಿದವಳು.”

“ಮಾತ್ರೆ ನುಂಗದೆ ತಾನಾಗಿ ಸಾವು ತಂದುಕೊಂಡವಳಿಗೆ ಹೂವು ಬೇರೆ ಕೇಡು!”

ಅಕ್ಕ ಗುನ್ವೋರ್‌ಗೆ ಚಿಕ್ಕಂದಿನಿಂದ ಮೂರ್ಛೆರೋಗ. ಹೆರ್ನೊಸಾಂಡ್ ಬಂದರಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚಿಯೇ ಆಯಸ್ಸು ಕಳೆದವಳು. ಒಂದು ಶನಿವಾರ ರಾತ್ರಿ ಮಲಗಿದಲ್ಲೇ ಫಿಟ್ಸ್ ಬಂದು ಹೋಗಿಬಿಟ್ಟಳು. ಅವಳು ಭಾನುವಾರ ಮಾತ್ರೆ ತಪ್ಪಿಸುತ್ತಾಳೆಂದು ಆಸ್ಪತ್ರೆಯವರು ಹಿಂದೊಮ್ಮೆ ತಿಳಿಸಿದ್ದು ತಮ್ಮನ ತಲೆಯಲ್ಲಿ ಕೂತುಬಿಟ್ಟಿತ್ತು.

ಅಂತ್ಯಕ್ರಿಯೆ ಮುಗಿದು ಬಂದವರೆಲ್ಲ ಕಾಫಿಗೆ ಕೂತ ಹೊತ್ತಿನಲ್ಲಿ ಆಸ್ಪತ್ರೆಯ ನರ್ಸ್ ಟೂವಾ ಅವನೆದುರು ಬಂದು ಕೂತಳು. “ನಿಮ್ಮಕ್ಕ ಮಾತ್ರೆ ಬಿಡ್ತಿರಲಿಲ್ಲ.”

“ಬಿಡ್ತಾಳೆ ಅಂದೋರು ನೀವೇ ಅಲ್ವಾ?”

“ಅಂದಿದ್ದು ಮುಚ್ಚಳ. ರೋಗಿಗಳು ಸರಿಯಾಗಿ ಮಾತ್ರೆ ತಗೋತಾರಾ ಅಂತ ಅಳೆಯೋಕೆ ಸೀಸೆಗೆ ಅಂಥದ್ದೊಂದು ಮುಚ್ಚಳ ಕೊಟ್ಟಿದ್ವಿ. ತೆಗೆದಾಗೆಲ್ಲ ನಮ್ಮ ಕಂಪ್ಯೂಟರಿಗೆ ಗೊತ್ತಾಗುತ್ತೆ. ಭಾನುವಾರ ಇವರು ತೆಗೀತಿರಲಿಲ್ಲ. ಆದ್ರೆ ಸೋಮವಾರ ಕರೆಸಿ ರಕ್ತ ನೋಡಿದಾಗೆಲ್ಲ ಔಷಧಿ ಪೂರ್ತಿ ಇರ್ತಿತ್ತು.”

“ಮತ್ತೆ ಫಿಟ್ಸ್ ಯಾಕೆ ಬಂತು?”

“ಮಾತ್ರೆ ತಗೊಂಡ್ರೂ ಬರೋದುಂಟು.”

“ಮುಚ್ಚಳ ತೆಗೀದೆ ನುಂಗಿದ್ದು ಹೇಗೆ?”

ಟೂವಾ ಕಪ್ಪನ್ನು ಕೆಳಗಿಟ್ಟಳು. “ಹೇಗೋ ಗೊತ್ತಿಲ್ಲ. ತೆಗೀದಿದ್ರೆ ಮಾರನೇ ದಿನ ನಾನು ಫೋನ್ ಮಾಡಬೇಕು. ಅಷ್ಟು ಗೊತ್ತು.”

*

ಮೊದಲೆಲ್ಲ ಭಾನುವಾರ ಗುನ್ವೋರ್‌ಗೆ ತಮ್ಮ ಟೋರ್ಸ್ಟನ್ ಫೋನ್ ಮಾಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಯಾರೊಂದಿಗೂ ಮಾತು ಬೇಡವಾಯಿತು. ಗುನ್ವೋರ್ ಕಾದಳು. ಹಾಗೆ ಕಾಯುತ್ತಾ ಒಂದು ಭಾನುವಾರ ನಿಜಕ್ಕೂ ಮಾತ್ರೆ ಮರೆತಳು. ಸೋಮವಾರ ಫೋನ್ ರಿಂಗಾಯಿತು; ಮಾಡಿದ್ದು ಟೂವಾ.

ಆಮೇಲೆ ಪ್ರತಿ ಸೋಮವಾರವೂ ಆಯಿತು.

“ಮತ್ತೆ ಮರೆತ್ರಾ, ಗುನ್ವೋರ್?”

“ಮರೆತೇಹೋಯ್ತು ಕಣಮ್ಮ, ಹಾಳು ತಲೆ.” ಕಾಫಿಯನ್ನು ಆಗಲೇ ಬಗ್ಗಿಸಿಟ್ಟುಕೊಂಡಿರುತ್ತಿದ್ದಳು. “ಅದಿರಲಿ, ನಿನ್ನ ಮಗು ನಡೀತಾ? ಬಿದ್ರೆ ಬೀಳಲಿ ಬಿಡು, ನಾನು ಬೀಳದೆ ಇರೋ ಜಾಗ ಈ ಊರಲ್ಲಿದ್ಯಾ!”

*

ಸೀಸೆಯನ್ನು ಟೂವಾ ಆಸ್ಪತ್ರೆಗೆ ವಾಪಸು ಒಯ್ಯಬೇಕಿತ್ತು. ಟೋರ್ಸ್ಟನ್ ಅಕ್ಕನ ಮನೆಯ ಬೀಗ ತೆಗೆದ. ಅವಳು ಹಿಂದೆಯೇ ಬಂದಳು.

ಅಡುಗೆಮನೆಯ ಕಿಟಕಿಯಲ್ಲಿ ಸೀಸೆಯಿತ್ತು, ಮುಚ್ಚಳ ಬಿಗಿಯಾಗಿತ್ತು. ಅದರ ಪಕ್ಕ, ಬೇಯಿಸಿದ ಮೊಟ್ಟೆ ಇಡುವ ಪುಟ್ಟ ಬಟ್ಟಲಲ್ಲಿ ಎರಡು ಬಿಳಿ ಮಾತ್ರೆ. ಶನಿವಾರವೇ ಹೊರತೆಗೆದಿಟ್ಟದ್ದು.

“ಭಾನುವಾರದ್ದು,” ಎಂದಳು ಟೂವಾ. ಅವಳಿಗೆ ಅಳು ತಡೆಯಲಾಗಲಿಲ್ಲ.

ಗೋಡೆಯ ಫೋನಿನ ಕೆಳಗೆ ಒಂದು ಕುರ್ಚಿ. ಅದರ ಮೆತ್ತೆ ಕೂತು ಕೂತು ತಗ್ಗಾಗಿತ್ತು. ಟೋರ್ಸ್ಟನ್ ಕೋಟು ಬಿಚ್ಚದೆ ಅದರಲ್ಲಿ ಕೂತ. ಹೂವು ಇನ್ನೂ ಅವನ ಕೈಯಲ್ಲೇ ಇತ್ತು.