ಕಂಡಕ್ಟರ್ ಮಾವನ ಪಿಸುಮಾತು

ಕಂಡಕ್ಟರ್ ಮಾವ ನೆಟ್ಟಗೆ ನಿಂತದ್ದನ್ನು ಕಂಡವರಿಲ್ಲ. ಅಡುಗೆಮನೆಯಲ್ಲಿ ಚಹಾ ಕುಡಿಯುವಾಗಲೂ ಕಾಲು ಅಗಲಿಸಿ, ಸೊಂಟವನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ಈಗಲೋ ಆಗಲೋ ಮನೆಗೇ ಯಾರೋ ಬ್ರೇಕ್ ಹಾಕಿಯಾರು ಎಂಬಂತೆ ನಿಲ್ಲುವುದು ಅವರ ರೀತಿ. ನಿವೃತ್ತರಾಗಿ ವರ್ಷಗಳು ಕಳೆದರೂ ಖಾಕಿ ಕೋಟು ಮೈ ಬಿಟ್ಟಿರಲಿಲ್ಲ. ಗಂಟಲಂತೂ ಹಿಂದಿನ ಸೀಟಿನವರೆಗೆ ಮುಟ್ಟುವ ಅಭ್ಯಾಸವನ್ನು ಕಿಂಚಿತ್ತೂ ಮರೆತಿರಲಿಲ್ಲ.

ಮಕ್ಕಳೆಂದರೆ ಅವರಿಗೆ ಪಂಚಪ್ರಾಣ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ ತಂಗಿಯ ಮಗಳದು. ಕೂಸಿಗಾಗಿ ಅವಳು ಹಾಕಿದ್ದ ರಜೆ ಮುಗಿಯುತ್ತ ಬಂದಾಗ, "ಕೂಸನ್ನ ನನಗೆ ಬಿಟ್ಟು ನೀನು ಆಸ್ಪತ್ರೆ ಕೆಲಸಕ್ಕೆ ಹೋಗು" ಎಂದು ಎದೆ ತಟ್ಟಿ ಹೇಳಿದ ಮಾವ, ಬಂದವರೇ ಮಗುವನ್ನೆತ್ತಿ ಸೂರಿನತ್ತ ಹಾರಿಸಿದರು. ಮನೆ ಹಾರಿಹೋಗುವಂತೆ ಅತ್ತಿತು ಮಗು. ಅಂದಿನಿಂದ ಆ ದನಿ ಹೊಸ್ತಿಲಲ್ಲಿ ಕೇಳಿದರೆ ಸಾಕು, ತಾಯಿಯ ಕೊರಳಿಗೆ ಅಂಟಿಕೊಳ್ಳುತ್ತಿತ್ತು.

"ನಿನ್ನನ್ನೂ ಹೀಗೇ ಹಾರಿಸ್ತಿದ್ದೆ ಕಣೇ. ನೀನು ಇನ್ನೂ ಬೇಕು ಅಂತ ಕೈ ಚಾಚ್ತಿದ್ದೆ."

"ನಾನು ಹಾಗಿದ್ದೆ ಮಾವ, ಇವಳು ಹೀಗೆ. ಹೊಸದೇನಿದ್ರೂ ದೂರದಿಂದ ನೋಡ್ಬೇಕು ಇವಳಿಗೆ. ಸೋಮವಾರದೊಳಗೆ ನಿಮಗೆ ಹೊಂದಿಕೊಳ್ಳದಿದ್ರೆ ನಾನು ಕೆಲ್ಸ ಬಿಡ್ಬೇಕಾಗುತ್ತೆ."

ಮಾವನ ಮುಖ ಸಪ್ಪಗಾಯಿತು. ಮರುದಿನದಿಂದ ದಿನವೂ ಬಂದು, ಮಗುವಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು, ಮುರಿದ ಕೊಡೆಯೊಂದನ್ನು ರಿಪೇರಿ ಮಾಡತೊಡಗಿದರು. ಮಾತು ಗಂಟಲಿಗೆ ಬಂದಾಗಲೆಲ್ಲ ಕೆಮ್ಮಿ ನುಂಗಿದರು.

"ಯಾಕೆ ಮಾವ, ಹುಷಾರಿಲ್ವಾ?"

"ಬಸ್ ನಿಲ್ಲಿಸಿದೀನಿ. ಹತ್ತೋರು ತಾವಾಗೇ ಹತ್ಲಿ" ಎಂದು ಪಿಸುಗುಟ್ಟಿದರು. ಆ ಪಿಸುಮಾತು ಪಕ್ಕದ ಮನೆಗೂ ಕೇಳಿಸಿರಬೇಕು.

ಶನಿವಾರ ಕೋಟಿನ ಅಂಚನ್ನು ಏನೋ ಜಗ್ಗಿತು. ಮಾವ ತಿರುಗಲಿಲ್ಲ, ಉಸಿರನ್ನೂ ಬಿಗಿಹಿಡಿದರು. ಕೋಟು ಹಿಡಿದೇ ಎದ್ದು ನಿಂತ ಮಗು ಜೇಬಿಗೆ ಕೈಯಿಳಿಸಿ, ಅಲ್ಲೇನೂ ಸಿಗದೆ, ಪಕ್ಕದಿಂದ ಇಣುಕಿ ಆ ದೊಡ್ಡ ಮುಖವನ್ನು ತದೇಕಚಿತ್ತದಿಂದ ನೋಡಿತು. ಅಳಲಿಲ್ಲ.

ಸೋಮವಾರ ತಾಯಿ ಹೊರಟಾಗ ಅತ್ತಿತು. ಬಾಗಿಲ ಬಳಿ ಸಾಕಷ್ಟು ಅತ್ತು, ಆಮೇಲೆ ಅಂಬೆಗಾಲಿಟ್ಟು ಬಂದು, ಮಾವನ ತೊಡೆಯೇರಿ, ಕೋಟಿಗೆ ಮೂಗು ಒರೆಸುತ್ತ ಉಳಿದದ್ದನ್ನು ಅತ್ತಿತು. ಅಷ್ಟರಲ್ಲಿ ತಾಯಿಯ ಫೋನು.

"ಅಳ್ತಿದಾಳಾ ಮಾವ?"

"ಭೇಷಾಗಿ ಅಳ್ತಿದಾಳೆ. ನೀನು ಬೇಕು ಅಂತ ಕಣೇ, ನನ್ನ ಕಂಡು ಅಲ್ಲ. ನನ್ನ ಮಡಿಲಲ್ಲೇ ಕೂತು ಅಳ್ತಿದಾಳೆ."

ಹಿಗ್ಗಿನಲ್ಲಿ ದನಿ ಮತ್ತೆ ಹಳೆಯ ಎತ್ತರಕ್ಕೇರಿತ್ತು. ಮಗು ಅಳು ನಿಲ್ಲಿಸಿ, ತನ್ನ ಒದ್ದೆ ಅಂಗೈಯನ್ನು ಅವರ ಬಾಯಿಗೆ ಅಡ್ಡ ಇಟ್ಟಿತು.

ಕೈತುಂಬ ಪ್ರೀತಿ ಹಿಡಿದು ಎದುರಿನವರ ಮೇಲೆ ಸುರಿಯುವ ಧಾರಾಳಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರು ಮಾತ್ರ, ಒಮ್ಮೆ ಬೇಡವೆನಿಸಿಕೊಂಡ ಮೇಲೂ ಮುನಿಯದೆ, ಪುಟ್ಟ ಜೀವವೊಂದು ತನ್ನ ಕಾಲಮೇಲೆ ತಾನು ನಡೆದು ಬರಲೆಂದು ದಾರಿ ಬಿಟ್ಟು ಕೂರುತ್ತಾರೆ. ಮಕ್ಕಳು ಅಂಥವರನ್ನು ತಮ್ಮವರೆಂದುಕೊಳ್ಳುತ್ತವೆ.