ಇನ್ನೊಂದು ಮಹಡಿ

ಮೇಸ್ತ್ರಿ ತನ್ನ ಮನೆಗೆ ಪಾಯ ಹಾಕಿದ್ದು ಎರಡು ಮಹಡಿಗೆ. ಅದು ಅವನಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗುಂಡಿಗಿಳಿದು ಕಬ್ಬಿಣ ಕಟ್ಟಿದವನು ಅವನೇ. ಹಾಗಿದ್ದೂ ಮೂರನೆಯದನ್ನು ಎತ್ತಿದ್ದ. ಈಗ ನಾಲ್ಕನೆಯದರ ಸೂರಿಗೆ ಹಲಗೆ ಹೊಡೆಸುತ್ತಿದ್ದ.

ಬೇರೆಯವರ ಮನೆಯಲ್ಲಿ ಒಂದು ಇಟ್ಟಿಗೆ ಸೊಟ್ಟಗೆ ಕೂತರೂ ಕೀಳಿಸುವ ಮನುಷ್ಯ. ಸ್ವಂತ ಮನೆಯ ವಿಷಯಕ್ಕೆ ಬಂದಾಗ ಮಾತ್ರ ಅವನಿಗೆ ಮಂಕು ಕವಿಯುತ್ತಿತ್ತು. ಒಂದೊಂದು ಮಹಡಿ ಮುಗಿದಾಗಲೂ ತಾರಸಿಯ ಅಂಚಿಗೆ ನಿಂತು ಬೀದಿ ನೋಡುತ್ತಿದ್ದ, ಎದೆ ಉಬ್ಬುತ್ತಿತ್ತು. ಹೊಸ ಬಣ್ಣ ಆರುವಷ್ಟರಲ್ಲಿ ಆ ಖುಷಿಯೂ ಆರುತ್ತಿತ್ತು. ಆಮೇಲೆ ಊಟ ರುಚಿಸುತ್ತಿರಲಿಲ್ಲ. ಇನ್ನೊಂದು ಎತ್ತಿದರೆ ಎಲ್ಲ ಸರಿಹೋದೀತು ಅನ್ನಿಸುತ್ತಿತ್ತು.

ಅವನ ಹೆಂಡತಿ ನೆಲಮಹಡಿಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ಆ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ತೆರೆಯಲೇ ಇಲ್ಲ.

"ರೀ, ನಿನ್ನೆವರೆಗೂ ಸಲೀಸಾಗಿತ್ತು. ಇವತ್ತೇನಾಯ್ತು ಇದಕ್ಕೆ?"

"ಮರ ಉಬ್ಬಿದೆ ಅಷ್ಟೆ. ಹತ್ತರಿ ಹೊಡೆಸ್ತೀನಿ ಬಿಡು."

"ಈ ಬಿಸಿಲಲ್ಲಿ ಮರ ಉಬ್ಬುತ್ತಾ?"

"ನೀನು ಬಟ್ಟೆ ಹೊಲಿ. ಮನೆ ನಾನು ನೋಡ್ಕೋತೀನಿ."

ಮೇಲೆ ಬಾಡಿಗೆಗಿದ್ದ ನರ್ಸ್ ಒಂದು ಸಂಜೆ ಮೆಟ್ಟಿಲಿಳಿದು ಬಂದಳು. "ಅಣ್ಣಾ, ಸ್ನಾನದ ಮನೆ ನೀರು ಕಿಂಡಿ ಕಡೆ ಹೋಗ್ತಿಲ್ಲ. ತಿರುಗಿ ಹಾಲಿಗೆ ಬರ್ತಿದೆ."

ನೆಲದ ಇಳಿಜಾರು ತಾನಾಗಿ ತಿರುಗುವುದೆಂದರೇನು ಎಂಬುದನ್ನು ಮೇಸ್ತ್ರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ತಲೆ ಕೆರೆದುಕೊಂಡು, "ಕಿಂಡಿ ಕಟ್ಟಿಕೊಂಡಿರಬೇಕಮ್ಮ" ಅಂದ. ಆಕೆ ಆ ವಾರವೇ ಮನೆ ಖಾಲಿ ಮಾಡಿದಳು. ಹೋಗುವಾಗ ಅವನ ಹೆಂಡತಿಯ ಕೈ ಹಿಡಿದು, "ಅಕ್ಕಾ, ನಿಮ್ಮ ಗೋಡೆ ನರಳುತ್ತೆ. ವಾರ್ಡಲ್ಲಿ ನರಳೋದನ್ನ ಕೇಳಿ ಕೇಳಿ ಬಂದವಳು ನಾನು, ನನಗೆ ಗೊತ್ತಾಗುತ್ತೆ" ಅಂದಳು.

ಮನೆಯ ಹಿಂಬದಿಗೆ, ಮೆಟ್ಟಿಲ ಪಕ್ಕದ ಕಿರುಕೋಣೆಯಲ್ಲಿ ಮೇಸ್ತ್ರಿಯ ತಾಯಿ ಇದ್ದಳು. ಮನೆಯ ಮೂಲೆಗಂಬ ಇದ್ದದ್ದೂ ಅಲ್ಲೇ. ಅದರ ಮೈಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿದಾಗ ಮೇಸ್ತ್ರಿ ತಾನೇ ಸಿಮೆಂಟು ಕಲಸಿ ಮೆತ್ತಿ, ಮೇಲೆ ಬಣ್ಣ ಬಳಿದ. ಬಣ್ಣ ಒಣಗುವ ಮುನ್ನವೇ ಬಿರುಕು ಮತ್ತೆ ಬಾಯಿ ಬಿಟ್ಟಿತು. ಈ ಸಲ ಬೆರಳು ಹಿಡಿಸುವಷ್ಟು. ಅದಕ್ಕೂ ಮೆತ್ತಿದ.

ತಾಯಿ ಮಂಚದ ಮೇಲೆ ಕೂತು ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ, "ದೇವರೇ, ನೀನಿದ್ದೀಯಲ್ಲ, ನನಗಿನ್ನೇನು ಬೇಕು" ಅನ್ನುವುದು ಅವಳ ರೂಢಿ. ಆ ಮಾತು ಕೇಳಿದರೆ ಮಗನಿಗೆ ಯಾಕೋ ಉರಿಯುತ್ತಿತ್ತು.

"ಮೇಲೆ ಗಾಳಿ ಬೆಳಕಿನ ರೂಮು ನಿನಗೇ ಅಂತ ಕಟ್ಟಿದೆ. ಒಂದು ಸಲ ಹತ್ತಿ ನೋಡಲೂ ಇಲ್ಲ ನೀನು."

"ಮಂಡಿ ಬಿಡಬೇಕಲ್ಲಪ್ಪ" ಎಂದು ನಕ್ಕಳು. "ನನಗೆ ಬೇಕಾದ್ದು ಇಲ್ಲೇ ಸಿಗುತ್ತೆ. ಪಾಪ, ನಿನಗೆ ಎಷ್ಟು ಹತ್ತಿದ್ರೂ ಸಿಗ್ತಿಲ್ಲ."

"ಹೊಟ್ಟೆ ತುಂಬಿದ ಮೇಲೆ ಎಲ್ಲರಿಗೂ ದೇವರು ಸಾಕಾಗ್ತಾನೆ."

"ನಿನ್ನನ್ನ ಬೆನ್ನಿಗೆ ಕಟ್ಕೊಂಡು, ಖಾಲಿ ಹೊಟ್ಟೇಲಿ ಗಾರೆ ಹೊರ್ತಿದ್ದೆ ಕಣೋ. ಆಗಲೂ ಅವನೇ ಸಾಕಾಗಿದ್ದ."

ಮೇಸ್ತ್ರಿ ಕರಣೆ ಎತ್ತಿಕೊಂಡು ಹೊರಟುಹೋದ.

ಸೂರಿಗೆ ಕಾಂಕ್ರೀಟು ಹಾಕುವ ದಿನ ಬಂತು. ಬೀದಿಯಲ್ಲಿ ಮಿಕ್ಸರ್ ಗಡಗಡ ತಿರುಗುತ್ತಿತ್ತು. ಆಳುಗಳು ಬಾಂಡಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಏರಿಸುತ್ತಿದ್ದರು. ಅರ್ಧ ಮುಗಿದಿರಬೇಕು, ಮೇಸ್ತ್ರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ನೆಪ ಹೇಳಿ ತಾಯಿಯ ಕೋಣೆಗೆ ಹೋದ.

ಮೆತ್ತಿದ್ದೆಲ್ಲ ಚಕ್ಕೆ ಚಕ್ಕೆಯಾಗಿ ಕೆಳಗೆ ಬಿದ್ದಿತ್ತು. ಒಳಗಿನ ಕಂಬಿಗಳು ಬಿಲ್ಲಿನಂತೆ ಬಾಗಿ ಹೊರಬಂದಿದ್ದವು. ಅವುಗಳ ನಡುವಿನಿಂದ ಪುಡಿ, ಜರಡಿಯಿಂದ ಹಿಟ್ಟು ಬಿದ್ದಂತೆ, ಸದ್ದಿಲ್ಲದೆ ಸುರಿಯುತ್ತಿತ್ತು. ಕಂಬಕ್ಕೆ ಅಂಗೈ ಇಟ್ಟ. ಅದು ಜ್ವರದ ಮೈಯಂತೆ ಅದುರುತ್ತಿತ್ತು. ಪಕ್ಕದಲ್ಲೇ ತಾಯಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ನರೆಗೂದಲ ಮೇಲೆ ಬೂದಿಬಣ್ಣದ ಧೂಳು.

ಆಗ ಅವನ ಮನಸ್ಸಿಗೆ ಬಂದದ್ದು ತಾಯಿಯಲ್ಲ. ಇನ್ನು ಅರ್ಧವೇ ಬಾಕಿ, ಎರಡು ಮರದ ಆಸರೆ ಕೊಟ್ಟರೆ ಸಂಜೆವರೆಗೆ ತಡೆದೀತು, ಸೂರು ಮುಗಿದೀತು, ಎಂದು ಯೋಚಿಸುತ್ತ ನಿಂತ. ನಿಂತೇ ಇದ್ದ. ಕಂಬದೊಳಗೆ ಏನೋ ಟಕ್ಕೆಂದಿತು. ತಾಯಿ ಕಣ್ಣು ಬಿಟ್ಟು ಅವನನ್ನು ನೋಡಿದಳು. ಅವನಿಗೆ ಕಂಬಕ್ಕಿಂತ ಹೆಚ್ಚಾಗಿ ತನ್ನ ಬಗ್ಗೆಯೇ ಭಯ ಹುಟ್ಟಿತು.

ಅವಳನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಓಡಿದ. "ಹೊರಗೆ ಬಾರೇ! ಎಲ್ಲ ಬಿಟ್ಟು ಬಾ!" ಎಂದು ಹೆಂಡತಿಗೆ ಕೂಗಿದ. ಬೀದಿಯಲ್ಲಿ ನಿಂತು ಮೇಲಕ್ಕೆ ಅರಚಿದ: "ಇಳೀರಿ! ಎಲ್ರೂ ಇಳೀರಿ!"

ಮೇಲಿನವನೊಬ್ಬ ನಕ್ಕ. "ಅರ್ಧಕ್ಕೆ ನಿಲ್ಸಿದ್ರೆ ಕೆಲಸ ಕೆಡುತ್ತೆ ಅಂತ ಬೈಯೋರು ನೀವೇ ಅಲ್ವಾ ಮೇಸ್ತ್ರಿ?"

"ಕೆಲಸ ಹಾಳಾಗ್ಲಿ! ಜೀವ ಉಳಿಸ್ಕೊಳ್ರೋ!"

ಅವನ ದನಿಗೆ ನಗು ನಿಂತಿತು. ಕೊನೆಯವನ ಕಾಲು ಬೀದಿ ಮುಟ್ಟಿದ್ದೇ ತಡ, ಮನೆಯ ಹಿಂಭಾಗ ದಣಿದ ಮುದುಕನಂತೆ ಕುಕ್ಕರಿಸಿತು. ಮಹಡಿಯ ಮೇಲೆ ಮಹಡಿ ಕೂತು, ಬೀದಿಯೇ ಕಾಣದಷ್ಟು ಧೂಳೆದ್ದಿತು. ಯಾರಿಗೂ ಏನೂ ಆಗಲಿಲ್ಲ. ಮೇಸ್ತ್ರಿ ಮಾತ್ರ ತಾಯಿಯನ್ನು ಕೆಳಗಿಳಿಸದೆ ಬಹಳ ಹೊತ್ತು ಹಾಗೇ ನಿಂತಿದ್ದ.

ಮೂವರೂ ಒಂದು ಬಾಡಿಗೆ ಮನೆ ಸೇರಿದರು. ಮೇಸ್ತ್ರಿ ದಿನಗೂಲಿಗೆ ಹೋಗತೊಡಗಿದ. ಬೆಳಿಗ್ಗೆ ತಾಯಿಯ ಪಕ್ಕ ಅವಳಂತೆಯೇ ಕಣ್ಣು ಮುಚ್ಚಿ ಕೂತು ನೋಡಿದ.

"ಅಮ್ಮಾ, ನನಗೇನೂ ಅನ್ನಿಸ್ತಿಲ್ಲ. ಕಣ್ಣು ಮುಚ್ಚಿದ್ರೆ ಬರೀ ಧೂಳು. ಅವತ್ತು ನಾನು ಕಂಬದ ಹತ್ರ ನಿಂತು ಏನು ಯೋಚನೆ ಮಾಡ್ತಿದ್ದೆ ಗೊತ್ತಾ?"

"ಗೊತ್ತು ಮಗಾ. ನಿನ್ನ ಮುಖ ನೋಡಿದ್ನಲ್ಲ." ಅವನ ಬೆನ್ನು ಸವರಿದಳು. "ಆ ಧೂಳನ್ನೇ ಅವನ ಮುಂದಿಡು. ಒಳ್ಳೇದು ಏನಾದ್ರೂ ಸಿಕ್ಕಮೇಲೆ ತರ್ತೀನಿ ಅಂತ ಕಾದ್ರೆ ಯಾರೂ ಅವನ ಹತ್ರ ಹೋಗೋಕಾಗಲ್ಲ."

ಅವನು ಹಾಗೇ ಮಾಡಿದ. ತಿಂಗಳುಗಟ್ಟಲೆ ಬರೀ ನಾಚಿಕೆ, ಬರೀ ಅಳು. ಆಮೇಲೊಂದು ದಿನ ಯಾರದೋ ಮನೆಯ ಗೋಡೆ ಕಟ್ಟುತ್ತಿದ್ದಾಗ, ಒಳಗೆ ಸದಾ ಕೆರೆಯುತ್ತಿದ್ದ ಆ ಹಸಿವು ಸುಮ್ಮನಾಗಿದೆ ಎಂದು ತಟ್ಟನೆ ಅರಿವಾಯಿತು. ಹೆದರಿದ. ಇದು ಅಮ್ಮನ ನೆರಳಿನ ತಂಪು, ಅವಳಿರುವಷ್ಟು ದಿನ ಮಾತ್ರ ಎಂದುಕೊಂಡ.

ಆ ಚಳಿಗಾಲ ದಾಟುವ ಮೊದಲೇ ತಾಯಿ ತೀರಿಕೊಂಡಳು. ಮರುದಿನ ಬೆಳಿಗ್ಗೆ ಮೇಸ್ತ್ರಿ ಒಬ್ಬನೇ ಕೂತ. ಈಗ ಕುಸಿಯುತ್ತದೆ, ಈಗ, ಎಂದು ಉಸಿರು ಬಿಗಿಹಿಡಿದು ಕಾದ. ದುಃಖ ಬಂತು, ಅತ್ತ. ಆದರೆ ಅದರ ಅಡಿಯಲ್ಲಿದ್ದ ಆ ತಂಪು ಕದಲಲಿಲ್ಲ.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. "ಅತ್ತೆಯ ದೇವರು ಇನ್ನೂ ಇದ್ದಾನಾ?" ಎಂದು ಮೆಲ್ಲಗೆ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. ಹೊರಗೆ ಯಾರೋ ಕೆಲಸಕ್ಕೆ ಕರೆಯುವವರೆಗೂ ಇಬ್ಬರೂ ಏಳಲಿಲ್ಲ.